ಅಂಕಿ ಹೇಳುವುದೆಷ್ಟು, ಮನೆಯವರು ಹೇಳಬೇಕಾದುದೆಷ್ಟು?

ನುಡಿಯಬೇಕಾದ ಮಾತು ಪ್ರಿಯವಾಗಿರುವಾಗ ಸತ್ಯವ್ರತ ಸುಲಭ. ಮನೆಯ ಹಿರಿಯರಿಗೆ ಗುಣವಾಗದ ರೋಗ ಬಂದಾಗ ಆ ವ್ರತಕ್ಕೆ ನಿಜವಾದ ಪರೀಕ್ಷೆ ಎದುರಾಗುತ್ತದೆ.

ಭದ್ರಾನದಿಯ ದಡದ ಹೊಳೆಹೊನ್ನೂರಿನ ವೃದ್ಧ ಶ್ರಾವಕರೊಬ್ಬರಿಗೆ ಯಕೃತ್ತಿನ ಕ್ಯಾನ್ಸರ್ ಬಲಿತ ಮೇಲೆ ಪತ್ತೆಯಾಯಿತು. ಗಡ್ಡೆ ರಕ್ತನಾಳದೊಳಕ್ಕೆ ಹಬ್ಬಿದ್ದುದರಿಂದ ಶಸ್ತ್ರಚಿಕಿತ್ಸೆ ಸಾಧ್ಯವಿರಲಿಲ್ಲ. ರಕ್ತದಲ್ಲಿ ಉರಿಯೂತದ ಸೂಚಕಗಳು ಏರಿವೆ, ಇದು ಒಳ್ಳೆಯ ಲಕ್ಷಣವಲ್ಲ ಎಂದು ಶಿವಮೊಗ್ಗದ ವೈದ್ಯರು ಮಕ್ಕಳಿಗೆ ತಿಳಿಸಿದರು. ಮಕ್ಕಳು ವರದಿಯನ್ನು ಬೀರುವಿನಲ್ಲಿ ಬಚ್ಚಿಟ್ಟು, “ಸ್ವಲ್ಪ ಬಾವು ಇದೆಯಂತೆ, ಅಪ್ಪಾಜಿ” ಎಂದಷ್ಟೇ ಹೇಳಿದರು.

ಆ ಸೂಚಕಗಳು ಗೂಢವಾದುವೇನಲ್ಲ. ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್‌ಗಳು ಉರಿಯೂತವಿದ್ದಾಗ ಹೆಚ್ಚುತ್ತವೆ. ಗಡ್ಡೆಯನ್ನು ಗುರುತಿಸಿ ಎದುರಿಸುವವು ಮುಖ್ಯವಾಗಿ ಲಿಂಫೋಸೈಟ್‌ಗಳು. ಮೊದಲನೆಯವು ನೂರಕ್ಕೆ 78, ಎರಡನೆಯವು 13 ಇದ್ದರೆ ಅನುಪಾತ 6. ಬಲಿತ ಯಕೃತ್ತಿನ ಕ್ಯಾನ್ಸರಿನಲ್ಲಿ ಈ ಅನುಪಾತ ಹೆಚ್ಚಿದಷ್ಟೂ ಆಯುಷ್ಯ ಕಡಿಮೆಯಿರುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಸಾಮಾನ್ಯ ರಕ್ತಕಣಗಳ ಎಣಿಕೆಯಿಂದಲೇ ಇದನ್ನು ಲೆಕ್ಕ ಹಾಕಬಹುದು.

ಮತ್ತೊಂದು ಸೂಚಕ ಸಿ-ರಿಯಾಕ್ಟಿವ್ ಪ್ರೋಟೀನ್. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲು ಕಂಡುಬಂದ ಇದನ್ನು ತಯಾರಿಸುವುದು ಯಕೃತ್ತೇ. 2022ರಲ್ಲಿ ಯೂರೋಪಿನ ವೈದ್ಯರು, ರೋಗನಿರೋಧಕ ಶಕ್ತಿಯನ್ನು ಪ್ರಚೋದಿಸುವ ಔಷಧ ಪಡೆದ ರೋಗಿಗಳಿಗಾಗಿ ಒಂದು ಅಳತೆಯನ್ನು ಪ್ರಕಟಿಸಿದರು. ಈ ಪ್ರೋಟೀನ್ ಡೆಸಿಲೀಟರಿಗೆ 1 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಒಂದು ಅಂಕ. ಆಲ್ಫಾ ಫೀಟೋಪ್ರೋಟೀನ್ ಮಿಲಿಲೀಟರಿಗೆ 100 ನ್ಯಾನೋಗ್ರಾಂ ಅಥವಾ ಹೆಚ್ಚಿದ್ದರೆ ಇನ್ನೊಂದು. ಅಂಕವಿಲ್ಲದವರ ಮಧ್ಯಮ ಆಯುಷ್ಯ ಸುಮಾರು 27 ತಿಂಗಳು, ಒಂದು ಅಂಕವಿದ್ದವರದು 11, ಎರಡಿದ್ದವರದು 6.

ಇಲ್ಲಿ ವಿವೇಕ ಬೇಕು. ಮಧ್ಯಮವೆಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದರೆಂದು ಅರ್ಥ. ಮೂತ್ರದ ಸೋಂಕು, ಸ್ಟಿರಾಯ್ಡ್ ಔಷಧ ಮೊದಲಾದವುಗಳಿಂದಲೂ ರಕ್ತದ ಅನುಪಾತ ಏರಬಹುದು. ಅಂಕಿ ಒಂದು ಸಮೂಹದ ಮಾತನ್ನು ಹೇಳುತ್ತದೆ, ಒಬ್ಬ ಜೀವಿಯ ದಿನಗಳನ್ನು ಎಣಿಸುವುದಿಲ್ಲ. ಅದು ಒಂದು ನಯ ಮಾತ್ರ. ಅದನ್ನೇ ಪೂರ್ಣಸತ್ಯವೆಂದರೆ ಏಕಾಂತವಾದವಾಗುತ್ತದೆ.

ಮೂರು ವಾರಗಳ ಬಳಿಕ ಆ ಹಿರಿಯರು ತಾವಾಗಿಯೇ ಕೇಳಿದರು: “ನನ್ನ ರಕ್ತದ ಮಾತು ನನಗೊಬ್ಬನಿಗೇ ಗೊತ್ತಿಲ್ಲವೇನಪ್ಪ?” ವಿಷಯ ತಿಳಿದಾಗ ಅವರು ಎದೆಗುಂದಲಿಲ್ಲ. ಜಮೀನಿನ ಪಾಲಿನ ವಿಚಾರದಲ್ಲಿ ಬಹುಕಾಲ ಮಾತು ಬಿಟ್ಟಿದ್ದ ತಮ್ಮನನ್ನು ಕರೆಸಿ ಕ್ಷಮೆ ಬೇಡಿದರು, ಕ್ಷಮಿಸಿದರು. ಆದರೆ ಅಷ್ಟರಲ್ಲಿ ನಿತ್ರಾಣ ಹೆಚ್ಚಾಗಿ, ತಮ್ಮನ ಜೊತೆ ಬಸದಿಗೆ ಹೋಗಬೇಕೆಂಬ ಆಸೆ ಈಡೇರಲಿಲ್ಲ. ಪ್ರೀತಿಯಿಂದ ಮುಚ್ಚಿಟ್ಟ ವರದಿ ಅವರಿಂದ ಕಸಿದುಕೊಂಡದ್ದು ಆ ಮೂರು ವಾರಗಳನ್ನು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಸಲ್ಲೇಖನದ ಸಂದರ್ಭಗಳಲ್ಲಿ ಪ್ರತೀಕಾರವಿಲ್ಲದ ರೋಗವನ್ನೂ ಹೇಳುತ್ತದೆ. ಹಾಗೆಂದು ರಕ್ತದ ಒಂದು ಅಂಕಿಯನ್ನು ಹಿಡಿದು ಪ್ರತೀಕಾರವೇ ಇಲ್ಲವೆಂದು ನಿರ್ಣಯಿಸುವುದು ಅವಸರ. ಕ್ಯಾನ್ಸರ್ ಗುಣವಾಗದಿದ್ದರೂ ನೋವಿಗೆ, ಹೊಟ್ಟೆಯಲ್ಲಿ ತುಂಬುವ ನೀರಿಗೆ, ಸೋಂಕಿಗೆ ಚಿಕಿತ್ಸೆಯುಂಟು. ಅವನ್ನು ಕೊಡಿಸುವುದು ಮನೆಯವರ ಅಹಿಂಸಾಧರ್ಮ.

ಆದುದರಿಂದ ಇಂತಹ ವರದಿ ಬಂದಾಗ ಮಕ್ಕಳು ವೈದ್ಯರನ್ನು ಎರಡು ಮಾತು ಕೇಳಬೇಕು: ಸೂಚಕ ಏರಲು ಬೇರೆ ಕಾರಣವಿದೆಯೇ? ಈ ಅಂಕಿಯಿಂದ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುವುದೇ? ಬಳಿಕ ರೋಗಿಯ ಬಳಿ ಕುಳಿತು, ಎಷ್ಟು ತಿಳಿಯಲು ಬಯಸುವಿರಿ ಎಂದು ವಿಚಾರಿಸಿ, ಅಷ್ಟನ್ನು ಹಿತವಾಗಿ, ಮಿತವಾಗಿ, ಮರೆಮಾಚದೆ ಹೇಳಬೇಕು. ಉಳಿದ ದಿನಗಳು ಎಷ್ಟೇ ಇರಲಿ, ಅವು ಅವರವು.