ಕರಿಯ ಕಲ್ಲುಗಳು

ಎಲ್ಬೆ ನದಿಯ ದಡದ ಡ್ರೆಸ್ಡೆನ್ ನಗರವನ್ನು ನೋಡಲು ಹೊರಟ ಮೂವರು ಗೆಳೆಯರು ಫ್ರೌಯೆನ್‌ಕಿರ್ಶೆ ಎಂಬ ಇಗರ್ಜಿಯ ಮುಂದೆ ನಿಂತರು. ಹೊಂಬಣ್ಣದ ಗೋಡೆಯಲ್ಲಿ ಅಲ್ಲಲ್ಲಿ ಕರಿಯ ಕಲ್ಲುಗಳು! “ಎಲ್ಲವನ್ನೂ ಹೊಸ ಕಲ್ಲಿನಿಂದಲೇ ಕಟ್ಟಬಹುದಿತ್ತಲ್ಲ?” ಎಂದನೊಬ್ಬ.

ಆ ಊರನ್ನು ಬಲ್ಲ ಗೆಳೆಯನು ಹೇಳಿದನು: “1743ರಲ್ಲಿ ಪೂರ್ಣಗೊಂಡಿದ್ದ ಈ ಇಗರ್ಜಿಯು 1945ರ ಫೆಬ್ರವರಿಯಲ್ಲಿ, ಬ್ರಿಟನ್ ಮತ್ತು ಅಮೆರಿಕದ ವಿಮಾನಗಳ ಬಾಂಬುಗಳಿಂದ ಊರಿಗೆ ಬೆಂಕಿ ಬಿದ್ದಾಗ, ಬೆಂದು ಕುಸಿಯಿತು. ದಶಕಗಳ ಕಾಲ ಕಲ್ಲಿನ ರಾಶಿಯಾಗಿತ್ತು. 1994ರಲ್ಲಿ ತೊಡಗಿದ ಪುನರ್ನಿರ್ಮಾಣವು 2005ರಲ್ಲಿ ಮುಗಿಯಿತು. ಕರಿಯ ಕಲ್ಲುಗಳು ಆ ರಾಶಿಯಿಂದ ಆಯ್ದವು. ಗುಮ್ಮಟದ ಮೇಲಿನ ಶಿಲುಬೆಯನ್ನು ರೂಪಿಸಿದವನು ಲಂಡನ್ನಿನ ಅಕ್ಕಸಾಲಿ. ಅವನ ತಂದೆ ಅಂದು ಬಾಂಬು ಸುರಿದ ವೈಮಾನಿಕರಲ್ಲೊಬ್ಬ.”

ಪ್ರಶ್ನಿಸಿದವನು ಮರುಮಾತಾಡದೆ ಕರಿಗಲ್ಲೊಂದನ್ನು ಮೆಲ್ಲನೆ ಮುಟ್ಟಿದನು. ನೋವನ್ನು ಮರೆಮಾಡದೆಯೇ ಹಗೆಯನ್ನು ಮರೆತ ಗೋಡೆ ಅದು.