ಚಳಿಗೋ, ನಿಂತಿದ್ದಕ್ಕೋ?

ಕನಕಪುರ ರಸ್ತೆಯ ತಲಘಟ್ಟಪುರಕ್ಕೆ ಮೆಟ್ರೊ ರೈಲು ಬಂದದ್ದು 2021ರ ಜನವರಿಯಲ್ಲಿ. ನಾನು ಹೇಳಹೊರಟಿರುವುದು ಅದಕ್ಕೂ ಹನ್ನೆರಡು ವರ್ಷ ಹಿಂದಿನ ಮಾತು. ಆಗ ಬೆಳಗಿನ ಜಾವದಲ್ಲಿ ಆ ಕಡೆ ಆಟೋ ಸಿಗುವುದು ದುರ್ಲಭವಾಗಿತ್ತು. ನಮ್ಮ ಗುರುನಿವಾಸದ ಹಳೆಯ ಡೀಸೆಲ್ ಕಾರೇ ಅಕ್ಕಪಕ್ಕದ ಮನೆಗಳಿಗೂ ಆಪತ್ಕಾಲದ ವಾಹನ.

ಜನವರಿಯ ಒಂದು ದಿನ, ಇನ್ನೂ ಐದು ಗಂಟೆಯಾಗಿರಲಿಲ್ಲ. ಪಕ್ಕದ ಮನೆಯ ಅಜ್ಜಿಗೆ ಉಬ್ಬಸ ಹೆಚ್ಚಾಗಿದೆಯೆಂದು ಅವರ ಮಗ ಓಡಿಬಂದರು. ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ್ದಾಯಿತು. ನಮ್ಮ ಚಾಲಕರು ಕೀಲಿ ತಿರುಗಿಸಿದರು. ಎಂಜಿನ್ ಗರಗರನೆ ತಿರುಗಿತು, ಹೊಗೆಕೊಳವೆಯಿಂದ ಬಿಳಿಯ ಹೊಗೆ ಹೊರಟಿತು, ಆದರೆ ಹೊತ್ತಿಕೊಳ್ಳಲಿಲ್ಲ. ಮತ್ತೆ ಮತ್ತೆ ಅದೇ. ಒಳಗೆ ಅಜ್ಜಿಯ ಉಸಿರಿನ ಸದ್ದು, ಹೊರಗೆ ಆ ಗರಗರ. ಕೊನೆಗೆ ಆ ದಾರಿಯಲ್ಲಿ ಬಂದ ಹಾಲಿನ ವ್ಯಾನಿನವರು ಅವರನ್ನು ಆಸ್ಪತ್ರೆಗೆ ಮುಟ್ಟಿಸಿದರು. ದೇವರ ದಯೆ, ನಾಲ್ಕು ದಿನಗಳಲ್ಲಿ ಅಜ್ಜಿ ಮನೆಗೆ ಮರಳಿದರು.

ವ್ಯಾನು ಹೊರಟ ಮೇಲೆ, ಅಂಗಳದಲ್ಲಿ ನೆರೆದವರ ಮುಂದೆಯೇ ನಾನು ಚಾಲಕರ ಮೇಲೆ ಹರಿಹಾಯ್ದೆ. "ರಾತ್ರಿಯೆಲ್ಲ ಒಳಗಿನ ದೀಪ ಉರಿಸಿಬಿಟ್ಟಿದ್ದೀಯ, ಬ್ಯಾಟರಿ ಸತ್ತಿದೆ!" ನನಗಿಂತ ಹತ್ತು ವರ್ಷ ಹಿರಿಯರು, ಸದಾ ಬಹುವಚನದಲ್ಲಿ ಮಾತನಾಡಿಸುತ್ತಿದ್ದೆ. ಅಂದು ಏಕವಚನ ಬಂದುಬಿಟ್ಟಿತು. "ಇಲ್ಲ ಸ್ವಾಮಿ" ಎಂದು ಒಮ್ಮೆ ಹೇಳಿ ಅವರು ಸುಮ್ಮನಾದರು. ಅದೇ ದಿನ ಹಳೆಯ ಬ್ಯಾಟರಿಯನ್ನು ಅಂಗಡಿಗೆ ಕೊಟ್ಟು ಹೊಸದನ್ನು ಹಾಕಿಸಿದೆ. ಮರುದಿನ ಮುಂಜಾನೆ ಮತ್ತದೇ ಗರಗರ, ಅದೇ ಬಿಳಿ ಹೊಗೆ.

ಬನಶಂಕರಿಯ ಕಡೆಯಿಂದ ಬಂದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಬಾನೆಟ್ ತೆರೆಯುವ ಮೊದಲೇ ಕೇಳಿದರು: "ಫಾದರ್, ತೊಂದರೆ ಚಳಿಗೋ, ನಿಂತಿದ್ದಕ್ಕೋ?"

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಎರಡು ಸಂಗತಿ ನಡೆದಿರುತ್ತವೆ: ಎಂಜಿನ್ ತಣ್ಣಗಾಗಿರುತ್ತದೆ; ಡೀಸೆಲ್ ಕೊಳವೆಯ ಜೋಡಣೆ ಎಲ್ಲಾದರೂ ಸಡಿಲವಿದ್ದರೆ ಗಾಳಿ ಸೇರಿ ಇಂಧನ ಟ್ಯಾಂಕಿನತ್ತ ಹಿಂದಕ್ಕಿಳಿದಿರುತ್ತದೆ. ಬಿಸಿಲಿನಲ್ಲಿ ಎಂಟು ತಾಸು ನಿಲ್ಲಿಸಿದರೂ ಹಟ ಮಾಡಿದರೆ ಚಳಿಯನ್ನು ದೂರಬೇಕಾಗಿಲ್ಲ. ನಾನು ಉತ್ತರ ಕಾಣದೆ ನಿಂತೆ. ಉತ್ತರ ಬಂದದ್ದು ನನ್ನ ಹಿಂದಿನಿಂದ. "ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲಲ್ಲೇ ನಿಂತಿತ್ತು. ಮುಟ್ಟಿದ ಕೂಡಲೇ ಸ್ಟಾರ್ಟ್ ಆಯ್ತು. ಮುಂಜಾನೆ ಮಾತ್ರ ಹಿಂಗೆ, ಹದಿನೈದು ದಿನದಿಂದ." ಚಾಲಕರಿಗೆ ಇದೆಲ್ಲ ತಿಳಿದಿತ್ತು. ನಾನು ಕೇಳಿರಲಿಲ್ಲ.

ಬ್ಯಾಟರಿ ಸೋತಿದ್ದರೆ ಎಂಜಿನ್ ಗರಗರ ಎನ್ನುತ್ತಲೇ ಇರಲಿಲ್ಲ. ಆಯಾಸದಿಂದ ನಿಧಾನವಾಗಿ ಹೊರಳುತ್ತಿತ್ತು, ಇಲ್ಲವೇ ಬರಿಯ 'ಕಟ್ ಕಟ್' ಶಬ್ದ ಬರುತ್ತಿತ್ತು. ರಾತ್ರಿ ವಿಶ್ರಮಿಸಿದ 12 ವೋಲ್ಟಿನ ಒಳ್ಳೆಯ ಬ್ಯಾಟರಿ ಮೀಟರಿನಲ್ಲಿ ಸುಮಾರು 12.6 ತೋರಿಸುತ್ತದೆ. ಅಂದು ಅಷ್ಟನ್ನು ಅಳೆಯಿಸಿದ್ದರೂ ಸಾಕಾಗಿತ್ತು. ಬಿಳಿ ಹೊಗೆಯೂ ತನ್ನ ಸಾಕ್ಷ್ಯ ನುಡಿದಿತ್ತು: ಡೀಸೆಲ್ ಒಳಗೆ ಬರುತ್ತಿದೆ, ಆದರೆ ಉರಿಯದೆ ಆವಿಯಾಗಿ ಹೊರಹೋಗುತ್ತಿದೆ. ಹೊಗೆಯೇ ಇಲ್ಲದಿದ್ದರೆ ಇಂಧನವೇ ಬರುತ್ತಿಲ್ಲವೆಂದು ಕೊಳವೆ, ಫಿಲ್ಟರುಗಳನ್ನು ಹುಡುಕಬೇಕಿತ್ತು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿದಾಗ ಇಂಧನ ತಾನಾಗಿ ಹೊತ್ತಿಕೊಳ್ಳಬೇಕು. ನಮ್ಮ ಕಾರಿನಂಥ ಹಳೆಯ ಮಾದರಿಗಳಲ್ಲಿ ತಣ್ಣನೆಯ ಲೋಹ ಆ ಶಾಖವನ್ನು ಕುಡಿದುಬಿಡುವುದರಿಂದ, ಒಂದೊಂದು ಸಿಲಿಂಡರಿಗೂ ಒಂದು ಹೀಟರ್ ಪ್ಲಗ್ ಇರುತ್ತದೆ. ಮೆಕ್ಯಾನಿಕ್ ನಾಲ್ಕನ್ನೂ ಮೀಟರಿಗೆ ಹಿಡಿದರು. ಎರಡು ಸುಟ್ಟುಹೋಗಿದ್ದವು.

"ಆದರೆ ಡ್ಯಾಶ್‌ಬೋರ್ಡಿನ ಸುರುಳಿ ದೀಪ ದಿನವೂ ಹತ್ತಿ ಆರುತ್ತಿತ್ತಲ್ಲ?" ಎಂದೆ. ಅವರು ನಕ್ಕರು. ಈ ಕಾರಿನಲ್ಲಿ ಆ ದೀಪಕ್ಕೆ ಗಡಿಯಾರದ ಲೆಕ್ಕ ಮಾತ್ರ ಗೊತ್ತಂತೆ, ಪ್ಲಗ್ ಕಾದಿದೆಯೋ ಇಲ್ಲವೋ ಅದಕ್ಕೆ ತಿಳಿಯದು. (ಈಚಿನ ಕಾರುಗಳಲ್ಲಿ ಇಂಥ ದೋಷವನ್ನು ಕಂಪ್ಯೂಟರೇ ಬರೆದಿಟ್ಟುಕೊಳ್ಳುತ್ತದೆ.)

ಚಳಿಯೂ ಹೇಳಿಕೊಳ್ಳುವಂಥದ್ದಲ್ಲ. ಬೆಂಗಳೂರಿನ ದಾಖಲೆಯ ಕನಿಷ್ಠ ಉಷ್ಣತೆ 1884ರ ಜನವರಿ 13ರ 7.8 ಡಿಗ್ರಿ ಸೆಲ್ಸಿಯಸ್. ಸಾಮಾನ್ಯ ಜನವರಿಯ ಮುಂಜಾನೆ 15ರ ಆಸುಪಾಸು. ಲಡಾಖಿನಲ್ಲಿ ಡೀಸೆಲ್ಲೇ ಗಟ್ಟಿಯಾಗುವುದರಿಂದ, ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲನ್ನು 2019ರಲ್ಲಿ ಅಲ್ಲಿಗೆ ತರಬೇಕಾಯಿತು. ಅಂಥ ಸಂಕಟ ನಮ್ಮೂರಿಗಿಲ್ಲ. ಇಲ್ಲಿನ ಚಳಿ ಆರೋಗ್ಯವಂತ ಕಾರನ್ನು ಕೆಡಿಸದು. ಮೊದಲೇ ಕೆಟ್ಟದ್ದನ್ನು ಹೊರಗೆಡಹುತ್ತದೆ, ಅಷ್ಟೆ.

ಹೊಸ ಪ್ಲಗ್‌ಗಳಿಗೆ ಖರ್ಚಾದದ್ದು ಬ್ಯಾಟರಿಯ ಬೆಲೆಗಿಂತ ಬಹಳ ಕಡಿಮೆ. ಸಂಜೆ ಚಾಲಕರ ಬಳಿ ಹೋಗಿ, "ಅಂದು ಎಲ್ಲರ ಮುಂದೆ ನಿಮ್ಮನ್ನು ಅನ್ನಬಾರದ ಮಾತು ಅಂದೆ, ಕ್ಷಮಿಸಿ" ಎಂದೆ. ಅವರು ಚಕ್ರ ಒರೆಸುವುದನ್ನು ನಿಲ್ಲಿಸಲಿಲ್ಲ. "ದೀಪ ನೋಡ್ಕೊಂಡೇ ಮನೆಗೆ ಹೋಗಿದ್ದೆ ಸ್ವಾಮಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಆ ಹಳೇ ಬ್ಯಾಟರಿ ಇನ್ನೆರಡು ವರ್ಷ ಬರೋದು" ಎಂದು ಸೇರಿಸಿದರು.

ಮರುದಿನದ ಬಲಿಪೂಜೆಯಲ್ಲಿ, ಅಂದು ಅಂಗಳದಲ್ಲಿದ್ದವರಲ್ಲಿ ಬಹುಪಾಲು ಜನ ಮುಂದೆ ಕುಳಿತಿದ್ದರು. ಪ್ರಕಟಣೆಗಳನ್ನು ಓದಿ ಮುಗಿಸಿದ ಮೇಲೆ ಕಾರಿನ ವಿಷಯವನ್ನು ಅವರಿಗೂ ಹೇಳಿದೆ, ತಪ್ಪು ಯಾರದೆಂಬುದನ್ನೂ ಸೇರಿಸಿ. ಚಾಲಕರು ಅಲ್ಲಿರಲಿಲ್ಲ. ಹೊರಗೆ ಕಾರು ಸ್ಟಾರ್ಟ್ ಆದ ಸದ್ದು ಮಾತ್ರ ಕೇಳಿಸಿತು, ಒಂದೇ ಸಲಕ್ಕೆ.