ಮೌಸ್ ಹಿಡಿದವರಿಗೆ ಬೆರಳಿನ ಬಟನ್

2012ರಲ್ಲಿ ವಿಂಡೋಸ್ 8 ಬಂದಾಗ ಮೈಕ್ರೋಸಾಫ್ಟ್ ಸ್ಟಾರ್ಟ್ ಬಟನ್ನನ್ನೇ ಕಿತ್ತುಹಾಕಿತ್ತು. ಕಂಪ್ಯೂಟರ್ ಆನ್ ಮಾಡಿದರೆ ಪರದೆ ತುಂಬಾ ಬಣ್ಣಬಣ್ಣದ ಚೌಕಗಳು. ಟಚ್ ಇಲ್ಲದ ಮಾನಿಟರ್ ಮುಂದೆ ಕೂತವರು ಶಟ್‌ಡೌನ್ ಎಲ್ಲಿದೆ ಅಂತ ತಡಕಾಡಬೇಕಾಯ್ತು. ಅದು ಅಡಗಿದ್ದದ್ದು ಬಲಮೂಲೆಗೆ ಮೌಸ್ ಒಯ್ದರೆ ಹೊರಗೆ ಇಣುಕುವ ಪಟ್ಟಿಯಲ್ಲಿ, ಅದರ ಸೆಟ್ಟಿಂಗ್ಸ್ ಒಳಗೆ, ಅದರ ಪವರ್ ಒಳಗೆ! ಜನ ಬಾಯಿತುಂಬಾ ಬೈದರು. ಮರುವರ್ಷ 8.1ರಲ್ಲಿ ಬಟನ್ ವಾಪಸ್, 2015ರಲ್ಲಿ ವಿಂಡೋಸ್ 10ರ ಜೊತೆ ಸ್ಟಾರ್ಟ್ ಮೆನುವೂ ವಾಪಸ್.

ಆಪಲ್ ಜಾಣ, ಮ್ಯಾಕನ್ನು ಫೋನಿನಂತೆ ಮಾಡಲು ಆತುರಪಡಲಿಲ್ಲ. 2011ರಲ್ಲಿ ಐಪ್ಯಾಡ್ ಥರ ಪರದೆ ತುಂಬಾ ಆ್ಯಪ್ ಐಕಾನ್ ತೋರಿಸುವ ಲಾಂಚ್‌ಪ್ಯಾಡ್, 2020ರಲ್ಲಿ ಕಂಟ್ರೋಲ್ ಸೆಂಟರ್, 2022ರಲ್ಲಿ ಥೇಟ್ ಐಫೋನಿನದೇ ಸೆಟ್ಟಿಂಗ್ಸ್. ಎದುರಿಗೆ 27 ಇಂಚಿನ ಪರದೆ ಇದ್ದರೂ ಆ ಸೆಟ್ಟಿಂಗ್ಸ್ ವಿಂಡೋವನ್ನು ಉದ್ದಕ್ಕೆ ಎಳೀಬಹುದು, ಅಗಲಕ್ಕೆ ಬಿಡಲ್ಲ. ಯಾಕಪ್ಪಾ? ಫೋನು ಉದ್ದಕ್ಕಿರುತ್ತಲ್ಲ, ಅದಕ್ಕೇ ಇರಬೇಕು.

ತಮಾಷೆ ಅಂದ್ರೆ 2025ರಲ್ಲಿ ಗಾಳಿ ಉಲ್ಟಾ ಬೀಸಿತು. ಐಪ್ಯಾಡಿಗೆ ಮ್ಯಾಕ್‌ನಂಥ ಮೆನು ಬಾರ್, ಎಳೆದಾಡುವ ವಿಂಡೋಗಳು ಬಂದವು. ಅದೇ ವರ್ಷ ಮ್ಯಾಕ್ ಲಾಂಚ್‌ಪ್ಯಾಡನ್ನೇ ಕೈಬಿಟ್ಟಿತು.

ಕಂಪ್ಯೂಟರಿನ ನೋಟ ಫೋನಿನಂತಾದರೆ ನನ್ನ ತಕರಾರಿಲ್ಲ. ಬೆರಳಿಗೆ ದಪ್ಪ ಬಟನ್ ಬೇಕೇ ಬೇಕು. ಆದರೆ ಮೌಸಿನ ಮೊನೆಗೆ ಅಷ್ಟು ಜಾಗ ಬೇಡ. ಒಂದೇ ನೋಟಕ್ಕೆ ಕಾಣುತ್ತಿದ್ದ ಹತ್ತು ಆಯ್ಕೆಗಳನ್ನು ಮೂರು ಕ್ಲಿಕ್ಕಿನ ಹಿಂದೆ ಬಚ್ಚಿಡೋದನ್ನ ಸರಳತೆ ಅಂತ ಕರೆಯಬೇಡಿ, ಅಷ್ಟೇ.

ಅಂದಹಾಗೆ, ವಿಂಡೋಸ್ 11ರಲ್ಲಿ ಸ್ಟಾರ್ಟ್ ಬಟನ್ ನಡುವಿಗೆ ಬಂದು ಕೂತಿರೋದು ಕಿರಿಕಿರಿ ಆಗ್ತಿದ್ರೆ, ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ಅಲೈನ್‌ಮೆಂಟನ್ನು ಲೆಫ್ಟ್ ಮಾಡ್ಕೊಳ್ಳಿ.